ಶನಿವಾರಕ್ಕೆ ಬರುವ ಚೌತಿ

ಅಮೆರಿಕದ ಕನ್ನಡ ಮನೆಗಳಲ್ಲಿ ಮಕ್ಕಳಿಗೆ ದೇವರನ್ನು ಪರಿಚಯಿಸುವ ಹೊಣೆ ಬಹುಮಟ್ಟಿಗೆ ಗಣಪತಿಯ ಮೇಲೆಯೇ ಬೀಳುತ್ತದೆ. ಆನೆಯ ಮೊಗ, ಇಲಿಯ ವಾಹನ, ಕೈಯಲ್ಲಿ ಕಡುಬು: ಮಕ್ಕಳನ್ನು ಒಲಿಸಿಕೊಳ್ಳಲು ಬೇಕಾದ ಯೋಗ್ಯತೆಗಳೆಲ್ಲ ಅವನಿಗಿವೆ. ತೊಡಕಿರುವುದು ಅವನು ಬರುವ ದಿನದಲ್ಲಿ.

ಭಾದ್ರಪದ ಶುದ್ಧ ಚೌತಿ ವಾರ ನೋಡಿಕೊಂಡು ಬರುವುದಿಲ್ಲ. ಬುಧವಾರ ಬಂದರೆ ಅಪ್ಪನಿಗೆ ಮೀಟಿಂಗು, ಅಮ್ಮನಿಗೆ ಆಫೀಸು, ಮಗಳಿಗೆ ಗಣಿತದ ಟೆಸ್ಟು. ಸಾಲದ್ದಕ್ಕೆ, ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ಭಾರತಕ್ಕಿಂತ 12.5 ಗಂಟೆ ಹಿಂದಿರುವುದರಿಂದ ಕೆಲವು ವರ್ಷ ತಿಥಿಯೇ ಅಲ್ಲಿಗೆ ಒಂದು ದಿನ ಮುಂಚೆ ಬಂದುಬಿಡುತ್ತದೆ. 2024ರಲ್ಲಿ ಭಾರತಕ್ಕೆ ಚೌತಿ ಸೆಪ್ಟೆಂಬರ್ 7ರ ಶನಿವಾರ. ಕ್ಯಾಲಿಫೋರ್ನಿಯಾಕ್ಕೆ ಪಂಚಾಂಗದ ಲೆಕ್ಕದಲ್ಲಿ 6ರ ಶುಕ್ರವಾರ. 'ಚೌತಿ ನಾಳೆ ಕಣೋ' ಎಂದು ಮೈಸೂರಿನಿಂದ ಅಜ್ಜಿ, 'ಇವತ್ತು' ಎಂದು ದೇವಸ್ಥಾನದ ಕ್ಯಾಲೆಂಡರು. ಯಾರು ಏನೇ ಹೇಳಲಿ, ಕೊನೆಗೆ ಗೆಲ್ಲುವುದು ವಾರಾಂತ್ಯವೇ. ಹೀಗೆ ಬೆಳೆದ ಮಗುವಿಗೆ ವಿಘ್ನೇಶ್ವರನಿಗೂ ಸೋಮವಾರದಿಂದ ಶುಕ್ರವಾರದವರೆಗೆ ಡ್ಯೂಟಿ ಇರುತ್ತದೆಂಬ ದೃಢವಾದ ನಂಬಿಕೆ ಬರುತ್ತದೆ.

ಮುಂದಿನ ಹಂತ ಪೂಜಾಸಾಮಗ್ರಿ. ಗರಿಕೆಗೆ ಅಲೆಯಬೇಕಿಲ್ಲ, ಬಿಸಿಲು ನಾಡಿನ ಲಾನುಗಳಲ್ಲಿ ಬರ್ಮುಡಾ ಗ್ರಾಸ್ ಎಂದು ಬೆಳೆಸುವುದು ಅದನ್ನೇ. 21 ಕುಡಿ ಕೀಳುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸುವುದು ವಾಡಿಕೆ. ಹದಿನೇಳಕ್ಕೆ ಲೆಕ್ಕ ತಪ್ಪುತ್ತದೆ, ಮತ್ತೆ ಒಂದರಿಂದ ಶುರು. ಮಂತ್ರಕ್ಕೆ ಯೂಟ್ಯೂಬಿನ ಪುರೋಹಿತರಿದ್ದಾರೆ. ಆಚಮನಕ್ಕೂ ಸಂಕಲ್ಪಕ್ಕೂ ನಡುವೆ ಶಾಂಪೂ ಜಾಹೀರಾತು ಬರುತ್ತದೆ. ಕರ್ಪೂರ ಹಚ್ಚಿದ ಕೂಡಲೇ ಸ್ಮೋಕ್ ಅಲಾರ್ಮು ಜಾಗಟೆಯ ಕೊರತೆ ನೀಗಿಸುತ್ತದೆ. ಮಗ ಕುರ್ಚಿ ಹತ್ತಿ ಟವೆಲಿನಿಂದ ಅದಕ್ಕೆ ಬೀಸುವ ಗಾಳಿಯ ಮುಂದೆ ದೇವರಿಗೆ ಸಲ್ಲುವ ಚಾಮರಸೇವೆ ಏನೇನೂ ಅಲ್ಲ.

ನೈವೇದ್ಯದ ಪ್ರಭಾವ ಇವೆಲ್ಲಕ್ಕಿಂತ ದೊಡ್ಡದು. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ 1977ರಲ್ಲಿ ಪ್ರತಿಷ್ಠೆಯಾದ ಗಣಪತಿ ದೇವಸ್ಥಾನ ಆ ದೇಶದ ಹಳೆಯ ಹಿಂದೂ ದೇವಾಲಯಗಳಲ್ಲೊಂದು. ಅದರ ಕ್ಯಾಂಟೀನಿನ ದೋಸೆಯೂ ಅಷ್ಟೇ ಹೆಸರುವಾಸಿ. ಎಷ್ಟೋ ಮಕ್ಕಳ ಭಕ್ತಿ ಕೆಳಗೆ ದೋಸೆಯಿಂದ ಶುರುವಾಗಿ ಆಮೇಲೆ ಮೆಟ್ಟಿಲು ಹತ್ತುತ್ತದೆ.

ಕಥೆಯ ಸರದಿ ಬಂದಾಗ ದೊಡ್ಡವರ ಬೇಳೆ ಬೇಯುವುದಿಲ್ಲ. ಶಮಂತಕ ಮಣಿ, ಚಂದ್ರನ ಶಾಪ ಹೇಗೋ ದಾಟುತ್ತವೆ. 'ತಲೆ ಕೊಟ್ಟ ಆನೆಮರಿಯ ಅಮ್ಮ ಅಳಲಿಲ್ವಾ?' ಎಂದು ಮಗಳು ಕೇಳಿದಾಗ ಅಪ್ಪ ಗೂಗಲ್ ನೋಡುತ್ತಾನೆ. ಅಲ್ಲೂ ಸಿಗದಿದ್ದರೆ ವಾಟ್ಸ್ಯಾಪಿನಲ್ಲಿ ಅಜ್ಜಿಯನ್ನು ಎಬ್ಬಿಸುತ್ತಾನೆ. 'ಅತ್ತಳು ಪುಟ್ಟಿ. ಅದಕ್ಕೇ ಯಾವ ದೇವರಿಗಿಂತಲೂ ಮೊದಲು ಆನೆಮೊಗಕ್ಕೆ ಪೂಜೆ ಅಂತ ಮಾಡಿದ್ದು' ಎಂದು ಹೇಳಿ ಅಜ್ಜಿ ಮಲಗುತ್ತಾಳೆ. ಇದು ಯಾವ ಪುರಾಣದಲ್ಲಿದೆ ಎಂದು ಯಾರೂ ಕೇಳಬಾರದು, ಮಗಳಂತೂ ಕೇಳುವುದಿಲ್ಲ.

ವಿಸರ್ಜನೆಗೆ ಕೆರೆ ಬೇಡ. ಹಿತ್ತಿಲಿನ ಬಕೆಟ್ಟಿನಲ್ಲಿ ಮಣ್ಣಿನ ಗಣಪ ಕರಗಿದ ಮೇಲೆ ನೀರು ಗುಲಾಬಿ ಗಿಡಕ್ಕೆ ಹೋಗುತ್ತದೆ.

ಗರಿಕೆ ಎಣಿಸಿದ, ಕಡುಬು ಮಡಿಸಿದ ಮಗು ಮುಂದಿನ ಚೌತಿ ಯಾವತ್ತು ಎಂದು ಕೇಳುತ್ತದೆ. ಫೋಟೋಗೆಂದು ಜುಬ್ಬಾ ಹಾಕಿಸಿಕೊಂಡ ಮಗು ಇನ್ನೂ ಎಷ್ಟು ಹೊತ್ತು ಎಂದು ಕೇಳುತ್ತದೆ. ಆದ್ದರಿಂದ ಹಬ್ಬದ ದಿನ ಬದಲಾದರೂ ಚಿಂತೆಯಿಲ್ಲ. ಕಡುಬು ಸೊಟ್ಟಗಾಯಿತೆಂದು ಮಕ್ಕಳ ಕೈಯಿಂದ ಹಿಟ್ಟು ಕಿತ್ತುಕೊಳ್ಳದಿದ್ದರೆ ಸಾಕು.