ಮೇಷ್ಟ್ರು ಮನೇಲಿದಾರಾ?

ಮೇಷ್ಟ್ರ ಮಗನಾಗಿ ಹುಟ್ಟುವುದರಲ್ಲಿ ಒಂದು ತೊಂದರೆ ಇದೆ. ಗಂಟೆ ಹೊಡೆದರೆ ಬೇರೆ ಮಕ್ಕಳಿಗೆ ಸ್ಕೂಲು ಬಿಡುತ್ತದೆ. ನಮ್ಮನೆಯಲ್ಲಿ ಸ್ಕೂಲೇ ಚಪ್ಪಲಿ ಬಿಟ್ಟು ಒಳಗೆ ಬರುತ್ತಿತ್ತು. ಅಪ್ಪ ಗಣಿತದವರು. ಎಲೆಗೆ ಹೋಳಿಗೆ ಬಿದ್ದರೆ ಅದರ ತ್ರಿಜ್ಯ ಎಷ್ಟು ಅಂತ ನಮ್ಮನ್ನು ಕೇಳುವರು. "ರೀ, ಮೊದಲು ತಿನ್ನಿ, ಆಮೇಲೆ ಅಳೀರಿ" ಅಂತ ಅಮ್ಮ ಮೇಲೆ ತುಪ್ಪ ಸುರಿದುಬಿಡುತ್ತಿದ್ದಳು.

ನಮ್ಮ ಕೆಂಗೇರಿಯವರು ಆಗಿನ್ನೂ "ಬೆಂಗಳೂರಿಗೆ ಹೋಗಿಬರ್ತೀನಿ" ಅಂತ ಹೇಳಿ ಬಸ್ಸು ಹತ್ತುತ್ತಿದ್ದ ಕಾಲ. ಕಂಡಕ್ಟರ್ ಹಳೇ ಶಿಷ್ಯನಾಗಿದ್ದರೆ ಮುಗೀತು. ಅವನು "ಟಿಕೆಟ್ ಬೇಡಿ ಸಾರ್" ಅನ್ನುವುದು, ಇವರು "ಸರ್ಕಾರದ ದುಡ್ಡು ಕಣೋ, ಹರಿ" ಅನ್ನುವುದು, ಚಿಲ್ಲರೆ ತಪ್ಪಿದರೆ ಹದಿನೇಳರ ಮಗ್ಗಿ ಕೇಳುವುದು. ಪಾಪ, ಮುಂದಿನ ಸ್ಟಾಪಿನೊಳಗೆ ಅವನು ಹಿಂದಿನ ಬಾಗಿಲು ಸೇರಿರುತ್ತಿದ್ದ.

ಅಪ್ಪನ ನಿಜವಾದ ಹುಚ್ಚು ಬಾಲ್ ಬ್ಯಾಡ್ಮಿಂಟನ್. ಹಳದಿ ಉಣ್ಣೆಯ ಚೆಂಡು, ಆ ಕಡೆ ಐವರು, ಈ ಕಡೆ ಐವರು. ತಂಜಾವೂರಿನ ಅರಮನೆಯಲ್ಲಿ ಹುಟ್ಟಿದ ಆಟ ಅಂತಾರೆ. ನಮ್ಮೂರಿಗೆ ಬರುವ ಹೊತ್ತಿಗೆ ಅದರ ರಾಜವೈಭವವೆಲ್ಲ ಇಳಿದು ಒಂದು ಹರಿದ ನೆಟ್ಟು ಉಳಿದಿತ್ತು. ಕೋರ್ಟು 24 ಮೀಟರ್ ಉದ್ದ, 12 ಮೀಟರ್ ಅಗಲ. ಮೂಲೆ ನೆಟ್ಟಗೆ ತೊಂಬತ್ತು ಡಿಗ್ರಿ ಬರಬೇಕಲ್ಲ? ಅಪ್ಪ ಹಗ್ಗಕ್ಕೆ ಗಂಟು ಹಾಕಿ ಮೂರು, ನಾಲ್ಕು, ಐದು ಮೀಟರಿನ ತ್ರಿಕೋನ ಎಳೆಸುವರು, ಹುಡುಗರು ಅದರ ಗುಂಟ ಸುಣ್ಣದ ಪುಡಿ ಸುರಿಯುವರು. ಪೈಥಾಗೊರಸ್ ಪ್ರಮೇಯದಲ್ಲಿ ಸೊನ್ನೆ ಸುತ್ತಿಸಿಕೊಂಡವನೂ ಅಲ್ಲಿ ತಪ್ಪುತ್ತಿರಲಿಲ್ಲ. ಅವರಲ್ಲೊಬ್ಬ ಈಗ ಗಾರೆ ಮೇಸ್ತ್ರಿ. ಪಾಯದ ಗುರುತಿಗೆ ಇವತ್ತಿಗೂ ಅದೇ ಗಂಟಿನ ಹಗ್ಗ.

ಆಟದಲ್ಲಿ ಅಪ್ಪ ಏನು ಮಹಾಶೂರರಲ್ಲ. ಆಗ ಗೇಮು 29ಕ್ಕೆ. 28ಕ್ಕೆ 28 ಇದ್ದಾಗ ಎದುರು ತಂಡದ ಹುಡುಗನ ಮಣಿಕಟ್ಟು ತಪ್ಪು ಕಂಡರೆ ಆಟ ನಿಲ್ಲಿಸಿ ತಿದ್ದುವರು. ಅವನು ತಿದ್ದಿಕೊಂಡು ನಮ್ಮನ್ನೇ ಸೋಲಿಸುವನು. ಎಂಟ್ರಿ ಫೀಸು, ಹುಡುಗರ ಇಡ್ಲಿ, ಎಲ್ಲ ಸಂಬಳದಿಂದಲೇ. "ನಿಮ್ಮಪ್ಪ ಗೆದ್ದದ್ದು ಒಂದು ಸ್ಟೀಲ್ ಲೋಟ, ಕುಡಿಸಿದ್ದು ಊರಿಗೆಲ್ಲ ಕಾಫಿ" – ಇದು ಅಮ್ಮನ ಆಡಿಟ್ ವರದಿ.

ಸಾಲದ್ದಕ್ಕೆ ಅಪ್ಪನ ಬಾಯಲ್ಲಿ 1974ರ ರಣಜಿ ಕ್ರಿಕೆಟ್ ಸೆಮಿಫೈನಲ್ ಬೇರೆ. ಸತತ ಹದಿನೈದು ವರ್ಷ ಟ್ರೋಫಿ ಬಿಟ್ಟುಕೊಡದ ಬಾಂಬೆಯನ್ನು ಪ್ರಸನ್ನರ ತಂಡ ಬೆಂಗಳೂರಿನಲ್ಲೇ ಹೊರಗಟ್ಟಿದ ಪಂದ್ಯ. ವಿಶ್ವನಾಥ್ 162 ಹೊಡೆದದ್ದನ್ನು ಅಪ್ಪ ಒಂದೇ ಉಸಿರಿಗೆ ಮುಗಿಸುವರು. ವಾಡೇಕರ್ ಜಾರಿ ರನ್ ಔಟಾದದ್ದಕ್ಕೆ ಮಾತ್ರ ಅರ್ಧ ಗಂಟೆ. ವರ್ಷ ಕಳೆದಂತೆ ಜಾರುವ ದೂರ ಬೆಳೆಯುತ್ತಲೇ ಹೋಯಿತು. ಇನ್ನು ಸ್ವಲ್ಪ ಬಿಟ್ಟರೆ ವಾಡೇಕರ್ ಸ್ಟೇಡಿಯಂನಿಂದ ಜಾರಿ ನಮ್ಮ ವೃಷಭಾವತಿ ದಂಡೆಗೇ ಬಂದು ನಿಲ್ಲುತ್ತಾರೆ ಅಂತ ನಾವು ನಗುತ್ತಿದ್ದೆವು. ಅಪ್ಪನೂ ನಗುವರು, ಮತ್ತೆ ಮೊದಲಿಂದ ಶುರು ಮಾಡುವರು.

2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂತು. ಅಪ್ಪ ಅಷ್ಟರಲ್ಲಿ ಇರಲಿಲ್ಲ. ವೈಕುಂಠ ಸಮಾರಾಧನೆಗೆ ಬಂದ ತಲೆ ನರೆತ ಶಿಷ್ಯರು ಅಳುವ ಬದಲು, ಯಾವನು ಫ್ರಂಟು, ಯಾವನು ಬ್ಯಾಕು ಅಂತ ಜಗಳಕ್ಕೆ ಬಿದ್ದರು. ಅಮ್ಮನಿಗೆ ಬಹಳ ದಿನಗಳ ಮೇಲೆ ಅವತ್ತು ನಗು ಬಂತು.

ಅವರ ಮರದ ಬ್ಯಾಟುಗಳು ನಮ್ಮ ಅಟ್ಟದ ಮೇಲಿವೆ. ಉಪನಗರದಲ್ಲೋ ಊರೊಳಗೋ ಯಾರಾದರೂ ಈ ಆಟ ಇನ್ನೂ ಆಡುತ್ತಿದ್ದರೆ ಬಂದು ತೆಗೆದುಕೊಂಡು ಹೋಗಿ. ಗಟ್ಟು ಮಾತ್ರ ನೀವೇ ಹಾಕಿಸಿಕೊಳ್ಳಬೇಕು.