ಒಂದು ಫ್ಲ್ಯಾಟು, ಐದು ಬೆಲೆ

ಬೆಂಗಳೂರಿನ ಮಧ್ಯಮ ವರ್ಗದ ಗಂಡಸಿಗೆ ಐವತ್ತರ ಆಸುಪಾಸಿನಲ್ಲಿ ಎರಡು ತೊಂದರೆ ಶುರುವಾಗುತ್ತವೆ. ಒಂದು ಮಂಡಿನೋವು. ಇನ್ನೊಂದು, ‘ಇರೋಕೊಂದು ಮನೆ ಆಯ್ತು, ಬಾಡಿಗೆಗೆ ಬಿಡೋಕೆ ಇನ್ನೊಂದಿದ್ದಿದ್ದರೆ’ ಎಂಬ ಯೋಚನೆ. ಮಂಡಿಗಾದರೆ ಎಣ್ಣೆ ತಿಕ್ಕಿಕೊಂಡು ಮಲಗಬಹುದು. ಎರಡನೆಯದು ಮಲಗಲು ಬಿಡುವುದಿಲ್ಲ; ಸಾಲದ್ದಕ್ಕೆ ಅಂಟುಜಾಡ್ಯ ಬೇರೆ. ನನಗೆ ಅದನ್ನು ಅಂಟಿಸಿದವರು ನಮ್ಮ ಭಾವ. ಅಗ್ಗದ ಕಾಲದಲ್ಲಿ ಸೈಟು ತೆಗೆದುಕೊಂಡು, ಕೆಳಗೆ ತಾವಿದ್ದು ಮೇಲೆ ಎರಡು ಮನೆ ಬಾಡಿಗೆಗೆ ಬಿಟ್ಟವರು. ‘ಒಂದನೇ ತಾರೀಖು ಫೋನು ಟಿಣ್ ಅನ್ನುತ್ತಲ್ಲ, ಆ ನಾದದ ಮುಂದೆ ನಿನ್ನ ಯಾವ ಸಂಗೀತ ಕಚೇರಿನೂ ಇಲ್ಲ ಕಣಯ್ಯ’ ಎನ್ನುತ್ತಿದ್ದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಸಾಲ ಮಾಡಿ ಕೊಂಡ ಮನೆಯನ್ನು ಬಾಡಿಗೆಗೆ ಬಿಟ್ಟು ನೋಡಿರಲಿಲ್ಲ. ಬಿಟ್ಟಿದ್ದರೆ ಗಾದೆ ಇನ್ನೊಂದು ಸಾಲು ಉದ್ದವಾಗುತ್ತಿತ್ತು.

ಬ್ರೋಕರ್ ತೋರಿಸಿದ್ದು ಉತ್ತರಹಳ್ಳಿಯ ಕಡೆಯ ಒಂದು ಎರಡು ಬೆಡ್‌ರೂಮಿನ ಫ್ಲ್ಯಾಟು. ಕಟ್ಟಡಕ್ಕೆ ಹದಿನಾಲ್ಕು ವರ್ಷ. ‘ಕಣ್ಣು ಮುಚ್ಕೊಂಡು ತಗೊಳ್ಳಿ ಸಾರ್’ ಎಂದ. ಹಾಗೆ ಹೇಳಿದ ಕಾರಣ ಒಳಗೆ ಹೋಗಿ ಬಚ್ಚಲುಮನೆಯ ಸೂರು ನೋಡಿದ ಮೇಲೆ ತಿಳಿಯಿತು. ‘ಮೆಟ್ರೋ ಐದೇ ನಿಮಿಷ’ ಎಂದೂ ಸೇರಿಸಿದ. ಕನಕಪುರ ರಸ್ತೆಯ ಮೆಟ್ರೋ ಅಲ್ಲಿಂದ ಐದು ನಿಮಿಷಕ್ಕೆ ಸಿಗಬೇಕಾದರೆ ಅದು ಬೆಳಗಿನ ಜಾವ ಮೂರು ಗಂಟೆಯಾಗಿರಬೇಕು. ಆಗ ಮೆಟ್ರೋ ಇರುವುದಿಲ್ಲ.

ಮಾರುವವರು ಒಬ್ಬ ಅಜ್ಜಿ. ಹಾಸನದಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಅವರು ಹೇಳಿದ ಬೆಲೆ 62 ಲಕ್ಷ. ಲೆಕ್ಕ ಬಹಳ ಸರಳ: ಎದುರಿನ ಫ್ಲ್ಯಾಟು 60ಕ್ಕೆ ಹೋಗಿತ್ತು, ಅದಕ್ಕೆ ತೇಗದ ಕಿಟಕಿ ಇರಲಿಲ್ಲ. ಕಿಟಕಿಯ ಬಾಬ್ತು ಎರಡು ಲಕ್ಷ. ಪಕ್ಕದ ಮನೆ ಎಷ್ಟಕ್ಕೆ ಹೋಯಿತು ಎಂದು ನೋಡಿ ನಮ್ಮದಕ್ಕೆ ಬೆಲೆ ಕಟ್ಟುವುದು ಹೊಸ ವಿದ್ಯೆಯೇನಲ್ಲ. ದೊಡ್ಡ ದೊಡ್ಡ ಮೌಲ್ಯಮಾಪಕರು ಮಾಡುವುದೂ ಅದನ್ನೇ, ಕಿಟಕಿಯೊಂದನ್ನು ಬಿಟ್ಟು.

ಸರ್ಕಾರಕ್ಕೆ ಅದರದೇ ಬೆಲೆ ಇದೆ. ಮಾರ್ಗಸೂಚಿ ದರ, ಅಂದರೆ ನಾವೆಲ್ಲ ಬಾಯಲ್ಲಿ ಹೇಳುವ ಗೈಡೆನ್ಸ್ ವ್ಯಾಲ್ಯೂ. ಆ ದರದಲ್ಲಿ ಈ ಫ್ಲ್ಯಾಟು 41 ಲಕ್ಷ. ‘ಸರ್ಕಾರವೇ 41 ಅಂತಿದೆಯಲ್ಲಪ್ಪಾ’ ಎಂದು ನಾನು ಬ್ರೋಕರ್‌ಗೆ ಉತ್ಸಾಹದಿಂದ ಹೇಳಿದೆ. ಆತ ಕನಿಕರದಿಂದ ನೋಡಿದ. ‘ಸಾರ್, ಆ ರೇಟಿಗೆ ಸರ್ಕಾರ ಮಾರಲ್ಲ. ಅದಕ್ಕಿಂತ ಕಮ್ಮಿಗೆ ರಿಜಿಸ್ಟರ್ ಮಾಡಲ್ಲ, ಅಷ್ಟೆ.’ ಮಾರ್ಗಸೂಚಿ ದರ, ನಿಜವಾಗಿ ಕೊಟ್ಟ ದರ, ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಮುದ್ರಾಂಕ ಶುಲ್ಕ. ಸರ್ಕಾರ ಯಾವ ವ್ಯವಹಾರದಲ್ಲೂ ಸೋಲುವ ಕಡೆ ನಿಂತದ್ದನ್ನು ನಾನಂತೂ ಕಂಡಿಲ್ಲ.

ಮೂರನೇ ಬೆಲೆ ನಮ್ಮ ಅಡುಗೆಮನೆಯಲ್ಲಿ ನಿಗದಿಯಾಯಿತು. ನನ್ನಾಕೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ಹಿಂದಿನ ತಿಂಗಳ ಹಾಳೆ ಮಗುಚಿ, ಪೆನ್ಸಿಲ್ ಹಿಡಿದು ಕೂತಳು. ‘ರೀ, ಬಾಡಿಗೆ ಎಷ್ಟು ಬರುತ್ತಂತೆ?’ ‘ಹದಿನೆಂಟು ಸಾವಿರ.’ ವರ್ಷಕ್ಕೆ 2,16,000. ಅದರಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದಿರುತ್ತದೆ ಎಂದು 18,000 ಹೊಡೆದುಹಾಕಿದಳು. ಆಸ್ತಿ ತೆರಿಗೆ ಹೊಡೆದಳು. ಗೀಸರು, ನಲ್ಲಿ, ಸೋರುವ ಬಚ್ಚಲು, ಸುಣ್ಣಬಣ್ಣ ಎಂದು ಇನ್ನಷ್ಟು. ಉಳಿದದ್ದು 1,80,000. ‘ನನ್ನ ದುಡ್ಡಿಗೆ ನೂರಕ್ಕೆ ಆರಾದರೂ ಹುಟ್ಟಬೇಕು. ಎಫ್‌ಡಿಯಲ್ಲಿಟ್ಟರೆ ಅಷ್ಟು ಕೂತಲ್ಲೇ ಬರುತ್ತೆ, ನಲ್ಲಿ ರಿಪೇರಿ ಮಾಡಿಸು ಅಂತ ಎಫ್‌ಡಿ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಲ್ಲ.’ ನೂರಕ್ಕೆ ಆರರಂತೆ 1,80,000 ಹುಟ್ಟಬೇಕಾದರೆ ಅಸಲು ಎಷ್ಟಿರಬೇಕು? 30 ಲಕ್ಷ. ಅವಳು ಅದರ ಕೆಳಗೆ ಎರಡು ಗೆರೆ ಎಳೆದಳು.

ಮೌಲ್ಯಮಾಪನದ ಪುಸ್ತಕಗಳಲ್ಲಿ ಇದೇ ಲೆಕ್ಕಕ್ಕೆ ಆದಾಯ ವಿಧಾನ ಎಂಬ ಗಂಭೀರ ಹೆಸರಿದೆ. ಅಂಗಡಿ ಮಳಿಗೆ, ಆಫೀಸು ಕಟ್ಟಡಗಳನ್ನು ಕೊಳ್ಳುವವರು ಮೊದಲು ಹಾಕುವ ಲೆಕ್ಕವೇ ಇದು. ವಾಸದ ಮನೆ ಕೊಳ್ಳುವವರು ಮಾತ್ರ ಇದನ್ನು ಹಾಕುವುದಿಲ್ಲ, ಹಾಕಿದರೆ ಕೊಳ್ಳಲಾಗುವುದಿಲ್ಲ. ಬೆಂಗಳೂರಿನಲ್ಲಿ ವಾಸದ ಮನೆಯ ಬಾಡಿಗೆ ಬೆಲೆಯ ಮೇಲೆ ನೂರಕ್ಕೆ ಮೂರೋ ನಾಲ್ಕೋ ಹುಟ್ಟಿದರೆ ಹೆಚ್ಚು. ಗೃಹಸಾಲದ ಬಡ್ಡಿ ಅದರ ಎರಡರಷ್ಟು.

‘ಹಾಗಾದರೆ ಅಜ್ಜಿ ಕೇಳೋದರಲ್ಲಿ ಮಿಕ್ಕ 32 ಲಕ್ಷ ಯಾತಕ್ಕೆ?’ ಎಂದೆ.

‘ಆಸೆಗೆ’ ಎಂದಳು.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಆ ಒಂದು ಮಾತು. ಬಾಡಿಗೆ ಮನೆ ಕೊಂಡೆ ಎನ್ನುವವನು ಬಾಡಿಗೆಯನ್ನು ಕೊಂಡಿರುವುದಿಲ್ಲ. ಮುಂದೆ ಬೆಲೆ ಏರುತ್ತದೆ ಎಂಬ ನಂಬಿಕೆಯನ್ನು ಕೊಂಡಿರುತ್ತಾನೆ. ಏರಬಹುದು. ಈ ಊರಿನಲ್ಲಿ ಏರಿದ್ದನ್ನು ಕಂಡವರೇ ಹೆಚ್ಚು. ಆದರೆ ಏರುವುದು ನೆಲ. ಕಟ್ಟಡ ಇಳಿಯುತ್ತಲೇ ಹೋಗುತ್ತದೆ. ಫ್ಲ್ಯಾಟಿನವನಿಗೆ ನೆಲದಲ್ಲಿ ಸಿಗುವುದು ಅವಿಭಾಜ್ಯ ಪಾಲು. ನಮ್ಮ ಪಾಲಿಗೆ 400 ಚದರಡಿ ಎಂದು ಪತ್ರದಲ್ಲಿತ್ತು. ಅದು ಎಲ್ಲಿದೆ ಎಂದು ವಕೀಲರನ್ನು ಕೇಳಿದೆ. ‘ಎಲ್ಲ ಕಡೆಯೂ ಇದೆ, ಎಲ್ಲೂ ಇಲ್ಲ’ ಎಂದರು. ಫೀಸು ಕೊಟ್ಟು ಕೇಳಿದ ವೇದಾಂತ ಅದೊಂದೇ.

ನನ್ನಾಕೆ ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು ಅಜ್ಜಿಯ ಮನೆಗೇ ಬಂದಳು. ಅಜ್ಜಿ ಕನ್ನಡಕ ಹಾಕಿಕೊಂಡು ಲೆಕ್ಕವನ್ನು ಮೇಲಿಂದ ಕೆಳಗೆ ಓದಿದರು. ‘ಎಲ್ಲಾ ಸರಿಯಾಗೇ ಇದೆ ಕಣಮ್ಮ. ಕಿಟಕಿ ಎಲ್ಲಿ?’ ಎಂದರು. ಕಾಫಿ ಬಂತು, ಕೋಡುಬಳೆ ಬಂತು, ಹಾಸನದ ಮಗಳ ವಿಚಾರ ಬಂತು. ಎದ್ದು ಬರುವ ಹೊತ್ತಿಗೆ 56 ಲಕ್ಷಕ್ಕೆ ಕುದುರಿತ್ತು. ಅದು ನಾಲ್ಕನೇ ಬೆಲೆ.

ಐದನೆಯದನ್ನು ಹೇಳಲು ಬ್ಯಾಂಕು ಒಬ್ಬ ವ್ಯಾಲ್ಯುಯರನ್ನು ಕಳಿಸಿತು. ಇಪ್ಪತ್ತಾರು ಇಪ್ಪತ್ತೇಳರ ಹುಡುಗ, ಬೆನ್ನಿಗೆ ಬ್ಯಾಗು, ಕೈಯಲ್ಲಿ ಲೇಸರ್ ಅಳತೆಯ ಯಂತ್ರ. ಗೋಡೆಗೆ ಅದನ್ನು ಒರಗಿಸಿ ಗುಂಡಿ ಒತ್ತುತ್ತಿದ್ದ. ಎದುರು ಗೋಡೆಯ ಮೇಲೆ ಕೆಂಪು ಚುಕ್ಕಿ. ಅಜ್ಜಿ ಆ ಚುಕ್ಕಿಯನ್ನೇ ಹಿಂಬಾಲಿಸಿಕೊಂಡು ಕೋಣೆ ಕೋಣೆ ಸುತ್ತಿದರು. ಪತ್ರದಲ್ಲಿ ಸೂಪರ್ ಬಿಲ್ಟ್ ಅಪ್ 1,050 ಚದರಡಿ ಎಂದಿದ್ದ ಮನೆ ಲೇಸರಿಗೆ 790ರ ಹತ್ತಿರ ಸಿಕ್ಕಿತು. ಮಿಕ್ಕದ್ದು ಮೆಟ್ಟಿಲು, ಲಿಫ್ಟು, ಮೊಗಸಾಲೆಗಳಲ್ಲಿ ಹಂಚಿಹೋಗಿತ್ತು. ‘ಇದು ತೇಗ ಕಣಪ್ಪಾ, ಬರ್ಕೋ’ ಎಂದು ಅಜ್ಜಿ ಕಿಟಕಿಯ ಚೌಕಟ್ಟನ್ನು ಗೆಣ್ಣಿನಿಂದ ಕುಟ್ಟಿ ತೋರಿಸಿದರು. ಹುಡುಗ ಫಾರಮ್ಮನ್ನು ಮೇಲಿಂದ ಕೆಳಗೆ ಹುಡುಕಿದ. ‘ಅದಕ್ಕೆ ಕಾಲಂ ಇಲ್ಲ ಅಜ್ಜಿ.’ ಕಟ್ಟಡದ ಆಯುಸ್ಸು 60 ವರ್ಷ ಎಂದಿಟ್ಟುಕೊಂಡು, ಕಳೆದ 14ರ ಸವಕಳಿ ಕಳೆದು, 52 ಲಕ್ಷ ಬರೆದ. ಅಜ್ಜಿ ಅವನಿಗೆ ಎರಡನೇ ಲೋಟ ಕಾಫಿ ಕೊಡಲಿಲ್ಲ.

ಕುದುರಿದ ಬೆಲೆ, ವ್ಯಾಲ್ಯುಯರ್ ಬರೆದ ಬೆಲೆ, ಇವೆರಡರಲ್ಲಿ ಬ್ಯಾಂಕು ಹಿಡಿದುಕೊಳ್ಳುವುದು ಚಿಕ್ಕದನ್ನೇ. 30 ಲಕ್ಷಕ್ಕೆ ಮೇಲ್ಪಟ್ಟು 75 ಲಕ್ಷದವರೆಗಿನ ಗೃಹಸಾಲವಾದರೆ ಮನೆಯ ಮೌಲ್ಯದ ಶೇ. 80ಕ್ಕಿಂತ ಹೆಚ್ಚು ಕೊಡಕೂಡದು ಎಂದು ರಿಸರ್ವ್ ಬ್ಯಾಂಕಿನ ನಿಯಮ. 52ರಲ್ಲಿ ಶೇ. 80 ಎಂದರೆ 41 ಲಕ್ಷದ 60 ಸಾವಿರ. ಉಳಿದ 14 ಲಕ್ಷದ 40 ಸಾವಿರ ಕೈಯಿಂದ. ನೋಂದಣಿಯ ಖರ್ಚನ್ನು ಬ್ಯಾಂಕು ಮೌಲ್ಯಕ್ಕೆ ಸೇರಿಸುವುದಿಲ್ಲ, ಅದೂ ಕೈಯಿಂದ. ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ ಶೇ. 5.6, 2025ರ ಆಗಸ್ಟ್ ಕೊನೆಯಲ್ಲಿ ಶೇ. 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ. ಒಟ್ಟು ನಾಲ್ಕು ಕಾಲು ಲಕ್ಷ. ವಕೀಲರು, ಪ್ರೊಸೆಸಿಂಗ್ ಫೀಸು, ಬ್ರೋಕರನ ಒಂದು ಪರ್ಸೆಂಟು. ಅಂತೂ 20 ಲಕ್ಷ ಒಟ್ಟುಮಾಡಬೇಕು. ಪಿಎಫ್ ಕರಗಿತು, ಎಫ್‌ಡಿ ಒಡೆಯಿತು. ಕೊನೆಯ ಒಂದೂವರೆ ಲಕ್ಷಕ್ಕೆ ಭಾವನ ಮನೆಗೆ ಹೋದೆ. ಟಿಣ್ ನಾದದ ಬಗ್ಗೆ ತಾಸುಗಟ್ಟಲೆ ಮಾತಾಡುತ್ತಿದ್ದವರು ಅಂದು ಕ್ರಿಕೆಟ್ ನೋಡುತ್ತಿದ್ದರು. ಮ್ಯಾಚು ಬಹಳ ಹೊತ್ತು ನಡೆಯಿತು.

ಕಂತು ಶೇ. 8.5ರಂತೆ ಇಪ್ಪತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 36,000. ಬಾಡಿಗೆ 18,000. ಅರ್ಧ ಕಂತು ಬಾಡಿಗೆದಾರ ಕಟ್ಟುತ್ತಾನೆ, ಇನ್ನರ್ಧ ನಾನು. ವಾಸ ಮಾತ್ರ ಪೂರ್ತಿ ಅವನದೇ. ‘ಟ್ಯಾಕ್ಸ್ ಉಳಿಯುತ್ತಲ್ಲ’ ಎಂದು ಆಫೀಸಿನಲ್ಲಿ ಎಲ್ಲರೂ ಸಮಾಧಾನ ಹೇಳಿದರು. ಆಡಿಟರು ಕೇಳಿದ್ದು ಒಂದೇ ಪ್ರಶ್ನೆ: ‘ಹಳೇ ಪದ್ಧತಿಯೋ ಹೊಸದೋ?’ ಹಳೆಯದಾದರೆ ಮನೆಯ ಬಾಬ್ತಿನ ನಷ್ಟವನ್ನು ವರ್ಷಕ್ಕೆ 2 ಲಕ್ಷದವರೆಗೆ ಸಂಬಳದಲ್ಲಿ ಕಳೆಯಬಹುದು. ಹೊಸದರಲ್ಲಿ ಸಂಬಳದ ಹತ್ತಿರಕ್ಕೂ ಆ ನಷ್ಟ ಸುಳಿಯುವಂತಿಲ್ಲ. ನಾನು ಹೊಸದರಲ್ಲಿದ್ದೆ. ಆಡಿಟರು ಫೈಲು ಮುಚ್ಚಿದರು.

ಈ ಇಡೀ ವ್ಯವಹಾರದಲ್ಲಿ ಬಡ್ಡಿಯಿಲ್ಲದೆ ಸಾಲ ಕೊಡುವವನು ಒಬ್ಬನೇ, ಬಾಡಿಗೆದಾರ. ಬೆಂಗಳೂರಿನ ಹಳೆಯ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 1,80,000. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳು ಸಾಕು ಎನ್ನುತ್ತದೆ; ಈಚೆಗೆ ಬರುವವರು ಅದನ್ನು ಓದಿಕೊಂಡೇ ಬರುತ್ತಾರೆ. ನೋಡಲು ಬಂದ ಒಂದು ಹುಡುಗ-ಹುಡುಗಿ ಜೋಡಿ, ಸಾಫ್ಟ್‌ವೇರಿನವರು, ನಲ್ಲಿ ತಿರುಗಿಸಿ, ಫೋನಿನ ಸಿಗ್ನಲ್ ನೋಡಿ, ಬಚ್ಚಲಿನ ಸೂರಿಗೆ ಕತ್ತೆತ್ತಿ, ‘ಅಂಕಲ್, ಹದಿನಾರು’ ಎಂದರು. ಗೈಡೆನ್ಸ್ ವ್ಯಾಲ್ಯೂ ಇಲ್ಲ, ಸವಕಳಿ ಇಲ್ಲ, ಆಸೆಯೂ ಇಲ್ಲ. ಅವರು ಹೇಳಿದ ಬೆಲೆಯಷ್ಟು ಪ್ರಾಮಾಣಿಕವಾದ ಬೆಲೆಯನ್ನು ಆ ಫ್ಲ್ಯಾಟಿಗೆ ಬೇರೆ ಯಾರೂ ಕಟ್ಟಿರಲಿಲ್ಲ. ಅದಕ್ಕೇ ನಾನು ಒಪ್ಪಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿಜ್ಞಾಪನೆ. ಉತ್ತರಹಳ್ಳಿಯಲ್ಲಿ ಎರಡನೇ ಮಹಡಿ, ಎರಡು ಬೆಡ್‌ರೂಮು, ಕಾವೇರಿ ನೀರು, ಹನ್ನೊಂದು ತಿಂಗಳ ಅಗ್ರಿಮೆಂಟು. ಜಾತಿ ಕೇಳುವುದಿಲ್ಲ, ಅಡುಗೆಮನೆಯಲ್ಲಿ ಏನು ಬೇಯುತ್ತದೆಂದು ಮೂಸುವುದಿಲ್ಲ. ಅಡ್ವಾನ್ಸ್ ಐದು ತಿಂಗಳದ್ದಾದರೂ ಆದೀತು. ಬಾಡಿಗೆ ಹದಿನೆಂಟು; ಹದಿನೇಳಕ್ಕೆ ಇಳಿಯುತ್ತೇನೆ, ನನ್ನಾಕೆಯ ಕಿವಿಗೆ ಹಾಕದಿದ್ದರೆ. ಕಿಟಕಿ ತೇಗದ್ದು.