ಸಂಪನ್ಮೂಲ ಸರ್

ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಸುಸ್ಲಾ-ಮಿರ್ಚಿ ತಿಂದು ಹುಮನಾಬಾದ್ ಬಸ್ ಹತ್ತುವಾಗ ಅವರು ಬರೀ ಮಾಸ್ತರು. ಕಮಲಾಪುರದಲ್ಲಿ ಇಳಿಯುವಾಗ ಸಂಪನ್ಮೂಲ ವ್ಯಕ್ತಿ. ಹೆಗಲಿಗೆ ಲ್ಯಾಪ್‌ಟಾಪ್ ಚೀಲ, ಕಂಕುಳಲ್ಲಿ ಚಾರ್ಟಿನ ಸುರುಳಿ. ಈ ಸಲದ ಶಿಕ್ಷಕರ ತರಬೇತಿಯ ವಿಷಯ: ಮಕ್ಕಳಿಗೆ ಅರ್ಥ ಮಾಡಿಕೊಂಡು ಓದಲು ಕಲಿಸುವುದು.

ಶುರುವಿಗೇ ಸರ್ ಬೋರ್ಡಿನ ಮೇಲೆ ಬರೆಯುತ್ತಾರೆ: 'ಗಿಮಕವು ಟುಪ್ಪನಿಗೆ ಲಬ್ಬಿಸಿತು.'

"ಯಾರಿಗೆ ಲಬ್ಬಿಸಿತ್ರಿ?"

"ಟುಪ್ಪನಿಗ್ರೀ!" ಎಂದು ನಲವತ್ತು ಶಿಕ್ಷಕರು ಒಂದೇ ರಾಗದಲ್ಲಿ.

"ಲಬ್ಬಿಸೋದಂದ್ರ ಏನ್ರಿ?"

ಎಲ್ಲರೂ ಫ್ಯಾನ್ ನೋಡುತ್ತಾರೆ.

"ನೋಡ್ರಿ, ಪಾಠದ ಸಾಲು ಎತ್ತಿ ಬರದ್ರ ಮಾರ್ಕ್ಸ್ ಬರ್ತಾವ, ಅರ್ಥ ಬರಂಗಿಲ್ಲ!"

ಮಾತು ಖರೇ. ಆಮೇಲೆ ಅಮೆರಿಕದ ಪಾಲಿಂಕ್ಸರ್ ಮತ್ತು ಬ್ರೌನ್ 1984ರಲ್ಲಿ ಪ್ರಕಟಿಸಿದ ಪದ್ಧತಿ: ಊಹಿಸು, ಪ್ರಶ್ನೆ ಕೇಳು, ತಿಳಿಯದ್ದನ್ನು ಬಿಡಿಸಿಕೋ, ಸಾರ ಹೇಳು. ಮೊದಲು ಶಿಕ್ಷಕರು ಮಾಡಿ ತೋರಿಸಿ, ಬರಬರುತ್ತ ಮಕ್ಕಳೇ ಸರದಿಯ ಮೇಲೆ ಮಾಸ್ತರಾಗಬೇಕು. ಅಂದರೆ ಮಾಸ್ತರು ಬಾಯಿ ಕಡಿಮೆ ಮಾಡಬೇಕು. ಇಷ್ಟನ್ನು ಸರ್ ಒಂದೂವರೆ ತಾಸು ಹೇಳುತ್ತಾರೆ.

"ತಿಳೀತೇನ್ರಿ?"

"ತಿಳೀತ್ರೀ!" ಎಂದು ಟುಪ್ಪನ ರಾಗದಲ್ಲೇ ಉತ್ತರ.

ಮಧ್ಯಾಹ್ನ ಐದನೇ ತರಗತಿಗೆ ಮಾದರಿ ಪಾಠ. ಊರಿಗೆ ಹೊಂದುವಂತೆ ಸರ್ ತಾವೇ ಬರೆದುಕೊಂಡು ಬಂದ ಗದ್ಯ, 'ನಮ್ಮ ಕೆಂಪು ಬಾಳೆ'.

"ಹೆಸರು ನೋಡಿ ಒಳಗೇನದ ಊಹಿಸ್ರಿ."

"ರೇಟ್ ಇರ್ತದ್ರಿ," ಅಂದಳು ಹಿಂದಿನ ಸಾಲಿನ ಹುಡುಗಿ.

ತಾವೇ ಬರೆದದ್ದಾದರೂ ಸರ್ ಹಾಳೆ ತಿರುವಿ ನೋಡಿದರು. ರೇಟ್ ಇರಲಿಲ್ಲ. "ತಪ್ಪು. ಬಣ್ಣ, ರುಚಿ, ಜಿಐ ಟ್ಯಾಗ್ ಅದ."

"ಜಿಐ ಟ್ಯಾಗ್ ಅಂದ್ರೇನ್ರಿ?"

"ಈ ಹಣ್ಣು ಕಮಲಾಪುರದ್ದೇ ಅಂತ ಸರ್ಕಾರ ಕೊಟ್ಟ ಗುರುತು."

"ಅಂದ್ರ ನಮ್ಮ ಹಣ್ಣಿಗಿ ಹೆಸರದ. ಮತ್ತ ನಮ್ಮಪ್ಪ ಬಾಳಿ ಕಿತ್ತು ತೊಗರಿ ಯಾಕ ಹಾಕ್ಯಾನ್ರಿ?"

ಊಹೆ, ಪ್ರಶ್ನೆ, ಬಿಡಿಸಿಕೊಂಡದ್ದು, ಸಾರ ಎಲ್ಲ ಮುಗಿದಿತ್ತು. ಸರ್ ಗಡಿಯಾರ ನೋಡಿದರು. "ಅದು ಪಾಠದಾಗ ಇಲ್ಲವ್ವ, ಕೂಡು."

"ಇಲ್ಲಂತನೇ ಕೇಳ್ಲತ್ತೀನ್ರಿ."

ಸಂಜೆಯ ವರದಿ: 'ಮಕ್ಕಳು ಸಂತಸದಿಂದ ಪಾಲ್ಗೊಂಡರು. ಪ್ರಶ್ನೆ ಕೇಳುವ ಕೌಶಲ ಇನ್ನೂ ಬರಬೇಕಿದೆ.'

ಹಾಗೆಂದು ಸರ್‌ಗೆ ಪದ್ಧತಿ ಬರುವುದಿಲ್ಲ ಎನ್ನಬೇಡಿ. ಟಿಎ-ಡಿಎ ಬಿಲ್ ಕೈಗೆ ಬರಲಿ: ಮೊತ್ತವನ್ನು ಮೊದಲೇ ಊಹಿಸಿರುತ್ತಾರೆ, ಕ್ಲರ್ಕ್‌ಗೆ ಪ್ರಶ್ನೆ ಹಾಕುತ್ತಾರೆ, ನಿಯಮದ ಗೋಜಲನ್ನು ಸಾಲು ಸಾಲಾಗಿ ಬಿಡಿಸಿಕೊಳ್ಳುತ್ತಾರೆ. ಸಾರ ಒಂದೇ ಮಾತು:

"ಇಷ್ಟೇ ಏನ್ರಿ?"